ಒಂದು ಸಲ ಓಡಿದರೆ ಸಾಕು

ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಮೂವತ್ತೆಂಟು ವರ್ಷ ಆಯಿತು. ಇಲ್ಲಿನ ಮಳೆಗಾಲದಲ್ಲಿ ನೀರು ನಿಲ್ಲುವುದು, ಲೋಕಲ್ ನಿಲ್ಲುವುದು ಎಲ್ಲ ರೂಢಿಯಾಗಿದೆ. ಬೂಸ್ಟು ಮಾತ್ರ ಇನ್ನೂ ರೂಢಿಯಾಗಿಲ್ಲ. ಹಪ್ಪಳ, ಚರ್ಮದ ಚಪ್ಪಲಿ, ಮದುವೆ ಆಲ್ಬಮ್, ಯಾವುದನ್ನೂ ಬಿಡುವುದಿಲ್ಲ ಅದು. ಹೋದ ಆಗಸ್ಟ್‌ನಲ್ಲಿ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಒಳಗೆ ಮಗನ ಮುಂಜಿಯ ಮೂರು ವಿಸಿಡಿ, ಅಂದರೆ ವಿಡಿಯೋ ತುಂಬಿದ ಸಿಡಿ. 2004ರಲ್ಲಿ ಫೋಟೋದವನು ಕೊಟ್ಟದ್ದು. ಎರಡನೆಯದಕ್ಕೆ ಒಂದು ಕಡೆ ಬಿಳಿ ಬೂಸ್ಟು, ಇನ್ನೊಂದು ಕಡೆ ಗೀರು. ನಮ್ಮ ಅತ್ತೆ ಕ್ಯಾಮೆರಾ ಮುಂದೆ ಬಾಯಿ ಬಿಟ್ಟು ಮಾತಾಡಿದ್ದು ಜನ್ಮದಲ್ಲಿ ಅದೊಂದೇ ಸಲ. ಅದು ಈ ಎರಡನೆಯದರಲ್ಲೇ ಇದೆ.

ಮೊಮ್ಮಗಳು ಮೊಬೈಲ್ ನೋಡಿ, "ಅಜ್ಜಿ, ಬಾಳೆಹಣ್ಣಿನ ಸಿಪ್ಪೆ ಉಜ್ಜಬೇಕಂತೆ" ಅಂದಳು. ಎದುರುಮನೆ ಮರಾಠಿ ವಹಿನಿ, ಫ್ರಿಜ್‌ನಲ್ಲಿಡಿ ಅಂದರು. ಎರಡೂ ಬೇಡ ಅಂದೆ. ಫ್ರಿಜ್‌ನಿಂದ ತೆಗೆದದ್ದರ ಮೇಲೆ ನೀರು ಬೆವರುತ್ತದೆ, ಗೀರು ಇದ್ದ ಹಾಗೇ ಇರುತ್ತದೆ.

ಮೊದಲು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿ ಆಚೆಯಿಂದ ಕಂಡರೆ ಅಲ್ಲಿ ಹೊಳೆಯುವ ಪದರವೇ ಹೋಗಿದೆ ಅಂತ ಲೆಕ್ಕ. ಅದಕ್ಕೆ ಮನೆಮದ್ದಿಲ್ಲ. ನಾವೆಲ್ಲ ಹೊಳೆಯುವ ಬದಿಯನ್ನು ಮುಟ್ಟಬೇಡ ಮುಟ್ಟಬೇಡ ಅಂತ ಮಕ್ಕಳಿಗೆ ಬೈದೆವು. ನಿಜ ನೋಡಿದರೆ ಸಿಡಿಯ ಸೂಕ್ಷ್ಮ ಇರುವುದು ಹೆಸರು ಬರೆಯುವ ಬದಿಯಲ್ಲಿ. ಸಿಡಿ 1.2 ಮಿಲಿಮೀಟರ್ ದಪ್ಪ, ಹೆಚ್ಚುಕಡಿಮೆ ಎಲ್ಲಾ ಬರೀ ಪ್ಲಾಸ್ಟಿಕ್. ಮಾಹಿತಿಯ ಪದರ ಕೂತಿರುವುದು ಲೇಬಲ್ಲಿನ ಕೆಳಗೇ, ಒಂದು ತೆಳು ಲೇಪದ ಮರೆಯಲ್ಲಿ. ಹಾಗಾಗಿ ಕೆಳಬದಿಯ ಗೀರು ಚರ್ಮಕ್ಕೆ ತರಚಿದ ಹಾಗೆ, ಮೇಲ್ಬದಿಯ ಗೀರು ಎಲುಬಿಗೇ ತಾಗಿದ ಹಾಗೆ. ಡಿವಿಡಿಯಲ್ಲಿ ಮಾಹಿತಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಅದು ಸ್ವಲ್ಪ ಗಟ್ಟಿ.

ಇನ್ನೊಂದು ಗುಟ್ಟು. ಡಿಸ್ಕ್ ಓದುವುದು ನಡುವಿನಿಂದ ಅಂಚಿಗೆ. ಚಿತ್ರ ಶುರುವಿನಲ್ಲೇ ನಿಂತರೆ ಕೊಳೆ ಒಳಗಡೆ, ಕೊನೆಯಲ್ಲಿ ನಿಂತರೆ ಅಂಚಿನ ಹತ್ತಿರ. ಅಲ್ಲಿ ಹುಡುಕಿ. ನಮ್ಮದು ಅಂಚಿನಲ್ಲಿತ್ತು, ಹೆಬ್ಬೆರಳಿನ ಗುರುತು ಬೇರೆ. ಯಾರದ್ದು ಅಂತ ನನಗೆ ಗೊತ್ತು, ಹೇಳುವುದಿಲ್ಲ.

ಹತ್ತರಲ್ಲಿ ಐದಾರಕ್ಕೆ ಸುಮ್ನೆ ತೊಳೆದರೇ ಸಾಕಾಗುತ್ತದೆ, ನನ್ನ ಅನುಭವ ಇದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಬೆರಳ ತುದಿಯಿಂದ ಮೆಲ್ಲಗೆ ಸವರಿ ನಲ್ಲಿ ಕೆಳಗೆ ಹಿಡಿಯಿರಿ. ಪಾತ್ರೆ ಉಜ್ಜುವ ನಾರು, ವಿಮ್ ಪುಡಿ ಹತ್ತಿರಕ್ಕೂ ಬರಬಾರದು. ಒರೆಸಲು ಹತ್ತಾರು ಸಲ ಒಗೆದು ಮೆತ್ತಗಾದ ಪಂಚೆ ತುಂಡಿಗಿಂತ ಒಳ್ಳೆಯದು ನಾನು ಕಂಡಿಲ್ಲ. ತಟ್ಟೆ ಒರೆಸುವ ಹಾಗೆ ಸುತ್ತ ಒರೆಸಬೇಡಿ, ನಡುವಿನಿಂದ ಅಂಚಿಗೆ ನೆಟ್ಟಗೆ ಎಳೆಯಿರಿ. ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿದೆ. ಅಡ್ಡ ಬಿದ್ದ ಸಣ್ಣ ಗೀರನ್ನು ಯಂತ್ರ ತಾನೇ ಲೆಕ್ಕ ಹಾಕಿ ದಾಟಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದ ಗೀರಾದರೆ ಉದ್ದಕ್ಕೂ ಕೆಡುತ್ತದೆ, ಅಲ್ವಾ? ಜಿಡ್ಡು ಹೋಗದಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಸೋಕಿಸಿ. ನೇಲ್‌ಪಾಲಿಶ್ ತೆಗೆಯುವುದು, ಥಿನ್ನರ್, ಪೆಟ್ರೋಲ್ ಬೇಡವೇ ಬೇಡ, ಪ್ಲಾಸ್ಟಿಕ್ ಮಂಜಾಗುತ್ತದೆ. ಲೇಬಲ್ ಬದಿಯ ಬೂಸ್ಟನ್ನು ಉಗುರಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆ ಒತ್ತಿ ಎತ್ತಿ ಅಷ್ಟೇ.

ಗೀರೇ ಕಾರಣವಾದರೆ ಟೂತ್‌ಪೇಸ್ಟ್. ಬರೀ ಬಿಳಿಯದು. ಜೆಲ್ ಕೆಲಸಕ್ಕೆ ಬರುವುದಿಲ್ಲ, ಹಲ್ಲುಪುಡಿ ಒರಟು ಜಾಸ್ತಿ. ಕಡಲೆಕಾಳಿನಷ್ಟು ತೆಗೆದುಕೊಂಡು ಹೊಳೆಯುವ ಬದಿಗೆ ಮಾತ್ರ, ಗೀರಿನ ಮೇಲೆ, ಅದೇ ನಡುವಿನಿಂದ ಅಂಚಿಗೆ, ಎರಡು ನಿಮಿಷ ಉಜ್ಜಿ ತೊಳೆಯಿರಿ. ಗೀರು ಮಾಯವಾಗುವುದಿಲ್ಲ. ಅದರ ಚೂಪು ಅಂಚು ಸವೆದು ಬೆಳಕು ಅತ್ತಿತ್ತ ಚೆದುರುವುದು ಕಡಿಮೆಯಾಗುತ್ತದೆ. ಸುತ್ತಲೂ ಕೂದಲೆಳೆಯಂಥ ಹೊಸ ಗೆರೆ ಕಾಣುತ್ತವೆ, ಗಾಬರಿ ಬೇಡ. ಹಿತ್ತಾಳೆ ದೀಪಕ್ಕೆ ಹಾಕುವ ಬ್ರಾಸ್ಸೋದಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ಅದರ ವಾಸನೆ ನನಗಾಗುವುದಿಲ್ಲ. ಆಳದ ಗೀರಿಗೆ ವ್ಯಾಸ್ಲಿನ್ ಸವರಿ ಚೆನ್ನಾಗಿ ಒರೆಸಿ ತೆಗೆದರೆ ಗೀರಿನೊಳಗೆ ಸ್ವಲ್ಪ ಉಳಿದು ಆ ಹೊತ್ತಿಗೆ ಓಡುವುದುಂಟು. ಬಾಳೆಸಿಪ್ಪೆಯಿಂದಲೂ ಆಗುವುದು ಹೆಚ್ಚೆಂದರೆ ಇಷ್ಟೇ, ಮೇಲೆ ಅಂಟು ಬೇರೆ. ಬ್ಲೂರೇ ಡಿಸ್ಕಿಗೆ ಮಾತ್ರ ಪೇಸ್ಟ್ ಮುಟ್ಟಿಸಬೇಡಿ. ಅದರ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ.

ನಡುವಿನ ತೂತಿನಿಂದ ಬಿರುಕು ಬಿಟ್ಟಿದ್ದರೆ ಕಂಪ್ಯೂಟರಿಗೆ ಹಾಕಲೇಬೇಡಿ. ಆ ವೇಗಕ್ಕೆ ಒಳಗೇ ಚೂರಾಗಬಹುದು.

ಇಷ್ಟೆಲ್ಲ ಮಾಡುವುದು ಡಿಸ್ಕ್ ಹೊಸದಾಗಲಿ ಅಂತಲ್ಲ, ಒಂದು ಸಲ ಓಡಲಿ ಅಂತ. ಓಡಿದ ತಕ್ಷಣ ನೋಡುತ್ತಾ ಕೂರಬೇಡಿ, ಕಾಪಿ ಮಾಡಿ. ಒಂದು ಯಂತ್ರ ಓದದ್ದನ್ನು ಇನ್ನೊಂದು ಓದುತ್ತದೆ. ಹಾಗಾಗಿ ಪೇಸ್ಟಿಗೆ ಕೈ ಹಾಕುವ ಮೊದಲೇ ಪಕ್ಕದ ಮನೆಯದ್ದರಲ್ಲೂ ಹಾಕಿ ನೋಡಿ. ಈಗಿನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ ಸಿಗುತ್ತದೆ, ಮಗ ತಂದ. ಫೋಟೋ, ಕಾಗದಪತ್ರ ತುಂಬಿದ ಡಿಸ್ಕಾದರೆ ಡಿಡಿರೆಸ್ಕ್ಯೂ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮಾಮೂಲಿ ಕಾಪಿ ಒಂದು ಕಡೆ ಎಡವಿದರೆ ಅಲ್ಲೇ ಕೂತುಬಿಡುತ್ತದೆ. ಇದು ಮೊದಲು ಚೆನ್ನಾಗಿರುವುದನ್ನೆಲ್ಲ ಬಳಿದುಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ರಾತ್ರಿಯಿಡೀ ಬಿಟ್ಟರೂ ಸರಿ.

ಇಡುವಾಗ ನಿಲ್ಲಿಸಿ ಇಡಿ, ಬಿಸಿಲು ಬೀಳದ ಕಡೆ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರಕ್ಕೆ ಬಿಸಿಲು ಆಗಿಬರುವುದಿಲ್ಲ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ನಾನು ಎಸೆಯುವುದಿಲ್ಲ, ಎಲ್ಲಾ ಆ ಬಿಸ್ಕತ್ತಿನ ಡಬ್ಬಿಗೇ. ಹಳೇ ಸ್ಟಿಕರ್ ಕೀಳಬೇಡಿ, ಪದರವೂ ಜತೆಗೆ ಕಿತ್ತು ಬರುತ್ತದೆ.

ನಮ್ಮ ಎರಡನೆಯ ವಿಸಿಡಿ ತೊಳೆದಾಗ ಮುಕ್ಕಾಲು ಓಡಿತು. ಪೇಸ್ಟ್ ಹಾಕಿದ ಮೇಲೆ ಭಿಕ್ಷೆಯ ಭಾಗವೂ ಬಂತು. ಅತ್ತೆ ಬೆಳ್ಳಿ ಬಟ್ಟಲಲ್ಲಿ ಅಕ್ಕಿ ಹಿಡಿದು ಬರುತ್ತಾರೆ. ಸೆರಗು ಸರಿಮಾಡಿಕೊಂಡು, "ಏ, ಜೋಳಿಗೆ ನೆಟ್ಟಗೆ ಹಿಡಿಯೋ" ಅನ್ನುತ್ತಾರೆ. ಆಮೇಲೆ ಮುಖವೆಲ್ಲ ಚೌಕ ಚೌಕ ಆಗಿ ಎರಡು ಸೆಕೆಂಡ್ ನಿಲ್ಲುತ್ತದೆ. ಮತ್ತೆ ಹೊರಟಾಗ ಅಕ್ಕಿ ಜೋಳಿಗೆಗೆ ಬಿದ್ದಾಗಿದೆ, ಸ್ವಲ್ಪ ಕೆಳಗೂ ಚೆಲ್ಲಿದೆ.