ದೊಡ್ಡವರ ಇಂಗ್ಲಿಷ್ ಬರವಣಿಗೆ: ತಿದ್ದುವುದನ್ನು ಕಲಿಸುವ ಕ್ರಮ

ಶಿರಸಿಯ ಅಡಿಕೆ ವ್ಯಾಪಾರಿಗೋ ಕಾರವಾರದ ಹೋಟೆಲ್ ಸಿಬ್ಬಂದಿಗೋ ಇಂಗ್ಲಿಷ್ ಬರೆಯಲು ಕಲಿಸುವಾಗ 'ಇವರು ನೋಡಿ ಕಲಿಯುವವರು, ಅವರು ಕೇಳಿ ಕಲಿಯುವವರು' ಎಂದು ಗುಂಪು ಮಾಡಬೇಡಿ. ಹಾಗೆ ವಿಂಗಡಿಸಿದರೆ ಲಾಭವಿದೆ ಎನ್ನಲು ಸಾಕಷ್ಟು ಪುರಾವೆ ಸಿಕ್ಕಿಲ್ಲ. ಎಲ್ಲರಿಗೂ ಎಲ್ಲ ದಾರಿಯೂ ಬೇಕು.

ಬ್ಯಾಂಕಿಗೊಂದು ಪತ್ರ ಬರೆಸಿ, ಎಂಟು ಸಾಲು ಸಾಕು. ಸಾಲು ಬಿಟ್ಟು ಸಾಲು ಬರೆಯಲಿ. ತಿದ್ದಲು ಜಾಗ ಬೇಕಲ್ಲ. ಆವತ್ತೇ ತಿದ್ದಿಸಬೇಡಿ. ಬರೆದ ಬಿಸಿಯಲ್ಲಿ ಕಣ್ಣು ಹಾಳೆಯಲ್ಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದುತ್ತದೆ.

ಎರಡು ದಿನ ಕಳೆದ ಮೇಲೆ, ಮೊದಲ ಸುತ್ತಿನಲ್ಲಿ ವಿಷಯ ಮಾತ್ರ: ಖಾತೆ ಸಂಖ್ಯೆ, ತಾರೀಖು ಇದೆಯೇ? ಏನು ಬೇಕೆಂಬುದು ಮೊದಲೆರಡು ಸಾಲಲ್ಲೇ ಬಂದಿದೆಯೇ? (ನಮ್ಮಲ್ಲಿ ಪೀಠಿಕೆಯೇ ಅರ್ಧ ಪುಟ ನುಂಗುತ್ತದೆ.)

ವ್ಯಾಕರಣ ಎರಡನೆಯ ಸುತ್ತಿಗೆ. ಕನ್ನಡದಲ್ಲೂ ಕೊಂಕಣಿಯಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಾಮಪದದ ಮೊದಲು ಬರುವ 'ಎ' (a), 'ದ' (the) ಎಂಬಂಥ ಪದಗಳು ಇಲ್ಲವೇ ಇಲ್ಲ; ತಪ್ಪುಗಳು ಹೆಚ್ಚಾಗಿ ಅಲ್ಲೇ. ಗಟ್ಟಿಯಾಗಿ ಓದಿಸಿ, ಪ್ರತಿ ನಾಮಪದದ ಮೊದಲು ಬೆರಳಿಟ್ಟು ನೋಡಿಸಿ. ನೀವು ಗೆರೆ ಮಾತ್ರ ಎಳೆಯಿರಿ, ತಿದ್ದುವುದು ಅವರೇ. ಒಂದು ಸಲಕ್ಕೆ ಎರಡೇ ಬಗೆಯ ತಪ್ಪು. ಪುಟವೆಲ್ಲ ಕೆಂಪಾದರೆ ದೊಡ್ಡವರು ಮುಂದಿನ ವಾರ ತರಗತಿಗೇ ಬರುವುದಿಲ್ಲ. ಶುದ್ಧ ಪ್ರತಿಯ ಜೊತೆ ಹಳೆಯ ಕರಡನ್ನೂ ಪಿನ್ ಮಾಡಿಡಲಿ.