ಉಳಿದ ಕೋಳಿ ಸಾರಿಗೆ ಒಂದೇ ಗಂಟೆ ಟೈಮು

ಬೇಸಿಗೆಯಲ್ಲಿ ಸಿಂಧನೂರು ಕಡೆಯ ನೆಂಟರ ಮನೆಗೆ ಹೋಗಿದ್ದೆ. ರಾತ್ರಿ ಎಂಟಕ್ಕೆ ಜವಾರಿ ಕೋಳಿ ಸಾರು ಒಲೆಯಿಂದ ಇಳಿಯಿತು. ಹನ್ನೊಂದೂವರೆಗೆ ನೀರು ಕುಡಿಯಲು ಎದ್ದಾಗ ಬೋಗುಣಿಯ ಹೊಟ್ಟೆ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಮುಚ್ಚಳದ ಒಳಗೆ ಹನಿ ಹನಿ ನೀರು. ಸುಮ್ನೆ ಮುಚ್ಚಿ ಮಲಗಿದೆ. ಬೆಳಿಗ್ಗೆ ಒಂಚೂರು ಬಿಸಿ ಮಾಡಿ ರೊಟ್ಟಿ ಜೊತೆ ತಿಂದೆವು. ಸಂಜೆ ಹೊತ್ತಿಗೆ ನಾಲ್ಕು ಜನಕ್ಕೆ ಹೊಟ್ಟೆ ನುಲಿತ, ಭೇದಿ. ಸಾರು ಹಳಸಿರಲಿಲ್ಲ, ವಾಸನೆಯೂ ಚೆನ್ನಾಗಿಯೇ ಇತ್ತು.

ಮೊದಲು ಗಡಿಯಾರ ನೋಡಿ. ಬೇಯಿಸಿದ ಕೋಳಿ 5ರಿಂದ 60 ಡಿಗ್ರಿ ನಡುವೆ ಇದ್ದಷ್ಟು ಹೊತ್ತು ರೋಗಾಣು ಬೆಳೆಯುತ್ತವೆ. ಹೊರಗೆ ಇಡಬಹುದಾದದ್ದು ಎರಡು ಗಂಟೆ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ರಾಯಚೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ ಅಲ್ವಾ? ಹಾಗಾಗಿ ಬೇಸಿಗೆ ಪೂರ್ತಿ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ.

ಊಟಕ್ಕೆ ಬೇಕಾದಷ್ಟು ಬಡಿಸಿಕೊಂಡು, ಉಳಿದದ್ದನ್ನು ಕೂಡಲೇ ಬೇರೆ ತೆಗೆಯಿರಿ.

ಇನ್ನು ತಣಿಸುವುದು. ಎಲ್ಲರೂ ಎಡವುವುದು ಇಲ್ಲೇ. ಮುಚ್ಚಿದ ದೊಡ್ಡ ಬೋಗುಣಿ ತಾನಾಗಿ ತಣ್ಣಗಾಗಲಿ ಅಂತ ಬಿಡುತ್ತಾರೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಸಾರು 45 ಡಿಗ್ರಿ ಆಸುಪಾಸಿಗೆ ಇಳಿದಾಗ ಅದು ಸುಮಾರು 10 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ನಾನು ಕೈಯಿಟ್ಟು ನೋಡಿದ ಆ ಬೆಚ್ಚಗಿನ ಬೋಗುಣಿಯೇ ಅದಕ್ಕೆ ಬೇಕಾದ ಜಾಗ.

ಸಾರನ್ನು ಅಗಲವಾದ ಸ್ಟೀಲ್ ಪಾತ್ರೆಗಳಿಗೆ ಸುರಿಯಿರಿ. ಆಳ ಎರಡು ಇಂಚು ಮೀರಬಾರದು. ಒಂದು ಪಾತ್ರೆ ಸಾಲದಿದ್ದರೆ ಮೂರು ಮಾಡಿ. ದೊಡ್ಡ ತುಂಡುಗಳನ್ನು ಬಿಡಿಸಿ, ತೊಡೆ ಒಳಗೇ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಪಾತ್ರೆಗಳನ್ನು ನೀರು ತುಂಬಿದ ಪರಾತದಲ್ಲಿ ಇಡಿ. ನಲ್ಲಿ ನೀರು ಹಾಕಬೇಡಿ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನಿಂದ ಬರುವುದು ಸ್ನಾನದ ನೀರು. ಮಣ್ಣಿನ ಹರವಿಯ ನೀರು ಒಳ್ಳೆಯದು. ಬೆಳಿಗ್ಗೆಯೇ ಎರಡು ಬಾಟಲಿ ನೀರು ಫ್ರೀಜರಿಗೆ ಹಾಕಿಟ್ಟರೆ ಇನ್ನೂ ಒಳ್ಳೆಯದು, ಅವನ್ನೇ ಪರಾತದಲ್ಲಿ ಮಲಗಿಸಿ. ಸಾರಿಗೇ ಐಸ್ ಹಾಕಬೇಡಿ. ಮುಚ್ಚಳ ಬೇಡ, ನೊಣ ಕೂರದಂತೆ ತೆಳು ಬಟ್ಟೆ ಸಾಕು. ತೊಳೆದ ಸೌಟಿನಿಂದ ಆಗಾಗ ಕೈಯಾಡಿಸಿ, ಪರಾತದ ನೀರು ಬೆಚ್ಚಗಾದರೆ ಬದಲಿಸಿ. ಪಾತ್ರೆಯ ತಳಕ್ಕೆ ಅಂಗೈ ಇಟ್ಟಾಗ ಸುಡದಿದ್ದರೆ ಸೀದಾ ಫ್ರಿಜ್ಜಿಗೆ. ಪೂರ್ತಿ ತಣ್ಣಗಾಗಲಿ ಅಂತ ಕಾಯಬೇಡಿ.

ಹಾಟ್‌ಬಾಕ್ಸ್ ನಂಬಬೇಡಿ. ರೊಟ್ಟಿಗೆ ಸರಿ. ಕೋಳಿ ಸಾರನ್ನು ರಾತ್ರಿಯಿಡೀ ಅದರಲ್ಲಿಟ್ಟರೆ, ರೋಗಾಣುಗಳಿಗೆ ಬೇಕಾದ ಬಿಸಿಯಲ್ಲೇ ಕಾಪಾಡಿಕೊಂಡು ಕೂರುತ್ತದೆ. ನಮ್ಮ ಮನೆಯದನ್ನು ನಾನು ಹೊರಗೆ ಹಾಕಿದ್ದೇನೆ.

ಫ್ರಿಜ್ಜಿನಲ್ಲಿ ಬೆಂದದ್ದು ಮೇಲೆ, ಹಸಿ ಮಾಂಸ ಕೆಳಗೆ. ಮೂರು ದಿನದವರೆಗೆ ಇಡಬಹುದು. ನಾನು ಎರಡನೇ ದಿನಕ್ಕೆ ಮುಗಿಸುತ್ತೇನೆ, ನೀವೂ ಮುಗಿಸಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಫ್ರಿಜ್ಜೇ ಇಲ್ಲದ ಮನೆಯಲ್ಲಿ ಅರ್ಧ ಕೇಜಿ ತನ್ನಿ. ಉಳಿದರೆ ಬಿಸಿಯಿದ್ದಾಗಲೇ ಪಕ್ಕದ ಮನೆಗೆ ಕೊಡಿ.

ತಿನ್ನುವಾಗ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ, ಒಂದೇ ಸಲ.

ರಾತ್ರಿಯೆಲ್ಲಾ ಹೊರಗಿದ್ದದ್ದನ್ನು ಕುದಿಸಿದರೆ ಸರಿಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಸರಿಹೋಗುವುದಿಲ್ಲ. ನಮ್ಮ ಕೈಯಿಂದ, ಮೂಗಿನಿಂದ ಬರುವ ಸ್ಟೆಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸಾರಿನಲ್ಲಿ ವಿಷ ಬಿಟ್ಟಿರಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಉಳಿಯುತ್ತದೆ. ಮೂಸಿದರೂ ಗೊತ್ತಾಗುವುದಿಲ್ಲ. ಹುಣಸೆಹಣ್ಣು ಜಾಸ್ತಿ ಹಾಕಿದ್ದೇವೆ, ಕೆಡಲ್ಲ ಅನ್ನುವುದನ್ನೂ ನೆಚ್ಚಬೇಡಿ. ಚೆಲ್ಲಿಬಿಡಿ.

ಹೋಟೆಲಿನಿಂದ ತಂದ ಬಿರಿಯಾನಿಗೂ ಇದೇ ಲೆಕ್ಕ, ದಾರಿಯಲ್ಲಿ ಕಳೆದ ಹೊತ್ತನ್ನೂ ಸೇರಿಸಿ. ಬಿರಿಯಾನಿ ಉಳಿದರೆ ತಾಟಿನಲ್ಲಿ ತೆಳ್ಳಗೆ ಹರವಿ ತಣಿಸಿ. ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಅದೂ ಕುದಿಗೆ ಸಾಯುವುದಿಲ್ಲ.

ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ನೀರೂ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಆದರೆ, ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.