ಶಾಲೆ ಗೇಟ್ ಮುಂದೆ ರಿವರ್ಸ್ ಗೇರ್ ನಿಲ್ಲಿಸಿದ ಕಥೆ

"ಮಡಿಕೇರಿ ರಸ್ತೆಯಲ್ಲಿ ಇದೆಲ್ಲ ಆಗುವ ಮಾತಲ್ಲ" ಅಂತ ಪೋಷಕರ ಸಭೆಯಲ್ಲಿ ಸುಮಾರು ಜನ ಹೇಳಿದ್ದರು. ಈಗ ಒಂದು ಪೂರ್ತಿ ಮಳೆಗಾಲ ದಾಟಿದೆ. ಬೆಳಿಗ್ಗೆ ನಮ್ಮ ಮಕ್ಕಳ ಶಾಲೆ ಗೇಟ್ ಮುಂದೆ ಒಂದು ಗಾಡಿಯೂ ರಿವರ್ಸ್ ತೆಗೆಯುವುದಿಲ್ಲ.

ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತೇ ಇದೆ. ಒಂದು ಕಡೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ಚರಂಡಿ, ನಡುವೆ ಕಡಿದಾದ ಏರು. ಎಂಟೂವರೆಗೆ ಕಾರು, ಆಟೋ, ತೋಟಕ್ಕೆ ಆಳು ಕರೆದೊಯ್ಯುವ ಪಿಕಪ್ ಎಲ್ಲ ಒಟ್ಟಿಗೆ ಬರುತ್ತಿದ್ದವು. ಜೀಪಿನವರು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಾರೆ, ಹೋಗುವಾಗ ಕಲ್ಲು ಅಲ್ಲೇ ಬಿಡುತ್ತಾರೆ. ಹಿಂದೆ ಬರುವ ಸ್ಕೂಟರಿಗೆ ಅದೇ ಗಂಡಾಂತರ.

ಮೊದಲು ಎಲ್ಲರೂ ಮಾಡುವುದನ್ನೇ ಶಾಲೆಯವರೂ ಮಾಡಿದರು. ಕೋನ್ ತಂದರು, ಒಂದಕ್ಕೆ ಮುನ್ನೂರೋ ಮುನ್ನೂರೈವತ್ತೋ. ಅರ್ಧದಷ್ಟು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದವು. ಸುಣ್ಣದ ಗೆರೆ ಮೊದಲ ಮಳೆಗೇ ಹೋಯಿತು. ಎನಾಮೆಲ್ ಪೇಂಟಿಗೆ ನಾಲ್ಕು ಸಾವಿರ ಸುರಿದೆವು, ಆಗಸ್ಟ್ ಹೊತ್ತಿಗೆ ಅದರ ಮೇಲೆ ಪಾಚಿ. ಗಾರ್ಡ್ ಇಟ್ಟರೆ ಮಂಜಿನಲ್ಲಿ ಅವರೇ ಕಾಣುತ್ತಿರಲಿಲ್ಲ. ಸಂಬಳವೂ ಸೇರಿ ಮೂವತ್ತು ಸಾವಿರದ ಹತ್ತಿರ ಕೈ ಬಿಟ್ಟಿತು.

ಆಮೇಲೆ ನಾನು ಗೇಟ್ ಪಕ್ಕ ನಿಂತು ಬರೀ ನೋಡಿದೆ. ಅಪಾಯ ಇದ್ದದ್ದು ಎರಡೇ ಕಡೆ. ಮಗು ಬಲಬಾಗಿಲಿಂದ ರಸ್ತೆಗೇ ಇಳಿಯುವುದು, ಮತ್ತು ಗಾಡಿ ತಿರುಗಿಸಲು ಹಿಂದಕ್ಕೆ ಬರುವುದು. ಪಿಕಪ್ ಹಿಂದೆ ಎಲ್‌ಕೆಜಿ ಮಗು ನಿಂತರೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ.

ಹಾಗಾಗಿ ಎಲ್ಲರೂ ಕೆಳಗಿನಿಂದ ಮಾತ್ರ ಬರಬೇಕು, ಮೇಲಿನ ತೋಟದ ದಾರಿಯಲ್ಲಿ ಸುತ್ತಿ ಹೋಗಬೇಕು ಅಂದೆ. ಆಗ ಗೇಟ್ ಎಡಕ್ಕೇ ಸಿಗುತ್ತದೆ. ಮಗು ಹಿಂದಿನ ಸೀಟಿನ ಎಡಗಡೆ ಕೂರಬೇಕು. ಬ್ಯಾಗ್ ತೊಡೆ ಮೇಲೆ ಇರಬೇಕು, ಡಿಕ್ಕಿಯಲ್ಲಿ ಅಲ್ಲ. ಡಿಕ್ಕಿ ತೆಗೆಯಲು ಇಳಿದರೆ ಹಿಂದೆ ಹತ್ತು ಗಾಡಿ ನಿಲ್ಲುತ್ತದೆ. ಬಲಬಾಗಿಲಿಗೆ ಚೈಲ್ಡ್ ಲಾಕ್. ಬಾಗಿಲು ತೆಗೆದು ಇಳಿಸಿಕೊಳ್ಳಲು ದೊಡ್ಡ ಕ್ಲಾಸಿನ ಇಬ್ಬರು ಮಕ್ಕಳು ಗೇಟ್ ಒಳಗೇ ನಿಲ್ಲುತ್ತಾರೆ. ಒಂದು ಕಾರಿಗೆ ಹದಿನೈದು ಸೆಕೆಂಡ್ ಸಾಕು. ಪೊಲೀಸ್ ಠಾಣೆಗೂ ಮೊದಲೇ ಹೇಳಿದ್ದೆವು.

"ಒಂದು ಕಿಲೋಮೀಟರ್ ಸುತ್ತು, ಪೆಟ್ರೋಲ್ ಯಾರು ಕೊಡ್ತಾರೆ ಸಾರ್?" ಅಂತ ಜಗಳ ಬಂತು. ಏಳು ರೂಪಾಯಿ ಬೀಳುತ್ತದೆ ಅಂತ ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. ಆಮೇಲೆ ಯಾರೂ ಮಾತಾಡಲಿಲ್ಲ. ಪಿಕಪ್ ಡ್ರೈವರ್‌ಗಳು ಎಂಟು ಗಂಟೆಗೇ ದಾಟಿ ಹೋಗುವಂತೆ ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಕೊಡೆಯ ಮೇಲೂ ಒಂದು ಪ್ರಯೋಗ ಮಾಡಿದೆ. ಜೋರು ಮಳೆಗೆ ಮಕ್ಕಳು ಕೊಡೆಯನ್ನು ಮುಖದ ಮುಂದೆ ಹಿಡಿಯುತ್ತಾರೆ, ರಸ್ತೆಯೇ ಕಾಣುವುದಿಲ್ಲ. ಬೆಳಕಿಗೆ ಹೊಳೆಯುವ ಟೇಪು ಕೊಡೆಗೆ ಅಂಟಿಸಿದೆ, ಎರಡು ಮಳೆಗೆ ಕಿತ್ತು ಬಂತು. ಬ್ಯಾಗಿನ ಪಟ್ಟಿಗೆ ಸುತ್ತಿ ಹೊಲಿಸಿದ್ದು ಇನ್ನೂ ಇದೆ. ಈಗ ಚಿಕ್ಕವರಿಗೆಲ್ಲ ಕೊಡೆ ಬೇಡ, ರೇನ್‌ಕೋಟ್ ಅಂತ ಮಾಡಿದ್ದೇವೆ. ಮಂಜಿನಲ್ಲಿ ಹೈಬೀಮ್ ಹಾಕಬೇಡಿ ಅಂತಲೂ ಹೇಳಿದ್ದೇವೆ, ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಸ್ಕೂಟರ್‌ನವರು ಇನ್ನೂ ಪೂರ್ತಿ ದಾರಿಗೆ ಬಂದಿಲ್ಲ. 4 ವರ್ಷದೊಳಗಿನ ಮಗುವಿಗೂ ಹೆಲ್ಮೆಟ್, ಓಡಿಸುವವರ ಭುಜಕ್ಕೆ ಪಟ್ಟಿಯಿಂದ ಸೇರಿಸುವ ಸೇಫ್ಟಿ ಹಾರ್ನೆಸ್ ಬೇಕು ಅಂತ 2022ರಲ್ಲೇ ನಿಯಮ ಬಂದಿದೆ ಅಲ್ವಾ? ಹಾಕುವವರು ಕಮ್ಮಿ.

ಇಳಿದು ಮಗುವನ್ನು ಒಳಗೆ ಬಿಟ್ಟೇ ಬರಬೇಕು ಅನ್ನುವವರಿಗೆ ಕೆಳಗಿನ ತೋಟದವರು ಕಾಫಿ ಕಣ ಬಿಟ್ಟುಕೊಟ್ಟಿದ್ದಾರೆ. ಇಪ್ಪತ್ತು ಕಾರು ಆರಾಮಾಗಿ ನಿಲ್ಲುತ್ತವೆ. ಬೋರ್ಡು, ಹಗ್ಗ, ಮರಳು ತುಂಬಿದ ಡ್ರಮ್ಮು ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ಡಿಸೆಂಬರ್‌ನಿಂದ ಕಣದಲ್ಲಿ ಕಾಫಿ ಹರಡುತ್ತಾರೆ, ಆಗ ಖಾಲಿ ಮಾಡಬೇಕು. ಪಕ್ಕದ ದೇವಸ್ಥಾನದವರ ಹತ್ತಿರ ಮಾತಾಡಿದ್ದೇನೆ, ಫೆಬ್ರವರಿವರೆಗೆ ಅಂಗಳ ಕೊಡಲು ಒಪ್ಪಿದ್ದಾರೆ.